ವಿಜ್ಞಾನ ಓದಿದ್ದಾಯಿತು, ಮುಂದೆ ಯಾರನ್ನು ಕೇಳುವುದು?

ವಿಜ್ಞಾನ ಓದುವ ಹುಡುಗ ಹುಡುಗಿಯರು ಮಾತಿಗೆ ಸಿಕ್ಕಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ನಿಮ್ಮದೇ ವಿಷಯದಲ್ಲಿ ಡಿಗ್ರಿ ಮುಗಿಸಿ ಈಗ ಕಂಪನಿಯಲ್ಲಿ ಕೆಲಸ ಮಾಡುತ್ತಿರುವವರು ಯಾರಾದರೂ ನಿಮಗೆ ಗೊತ್ತಾ? ಸುಮಾರು ಮಂದಿ ಸ್ವಲ್ಪ ಯೋಚಿಸಿ ಇಲ್ಲ ಅನ್ನುತ್ತಾರೆ. ಅವರಿಗೆ ಪ್ರೊಫೆಸರ್‌ಗಳು ಗೊತ್ತು. ಪಿಎಚ್‌ಡಿ ಮಾಡುತ್ತಿರುವ ಸೀನಿಯರ್‌ಗಳು ಗೊತ್ತು. ಪಾಠ ಮಾಡುವ ಕೆಲಸಕ್ಕೆ ಸೇರಿದವರು ಗೊತ್ತು. ಕಂಪನಿಗೆ ಹೋದವರು ಮಾತ್ರ ಒಮ್ಮೆ ಹೋದ ಮೇಲೆ ಕಾಲೇಜಿನ ಕಣ್ಣಿಗೆ ಬೀಳುವುದೇ ಇಲ್ಲ.

ನಾನು ರಸಾಯನಶಾಸ್ತ್ರ ಓದಿದವಳು, ಔಷಧಿ ತಯಾರಿಸುವ ಕಡೆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಒಳ್ಳೆಯ ತಲೆ ಇರುವ ಮಕ್ಕಳು "ಸೈನ್ಸ್ ಓದಿದರೆ ಒಂದೋ ಪಾಠ, ಇಲ್ಲಾ ರಿಸರ್ಚ್" ಅಂತ ನಂಬಿಕೊಂಡು, ಎರಡೂ ಕೈಗೆ ಸಿಗದಾಗ ಓದಿದ್ದಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಸೇರುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ, ಶ್ರಮವೂ ಕಡಿಮೆ ಇರಲಿಲ್ಲ. ಆ ಕಡೆ ಏನೇನು ಕೆಲಸ ಇದೆ, ಅದನ್ನು ಮಾಡುವವರು ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಅಂತ ಕೂತು ಹೇಳುವ ಒಬ್ಬ ಮನುಷ್ಯ ಸಿಗಲಿಲ್ಲ, ಅಷ್ಟೇ. ಹಾಗಾಗಿ ಈ ಬರಹ ಮೂರು ಜನರಿಗೆ: ಓದುತ್ತಿರುವವರಿಗೆ, ಓದಿಸುತ್ತಿರುವವರಿಗೆ, ಓದಿ ಮುಗಿಸಿ ಕಂಪನಿಯಲ್ಲಿ ಕೂತಿರುವ ನಮ್ಮಂಥವರಿಗೆ.

ಮೊದಲನೇ ತೊಡಕು ಕೆಲಸದ ಹೆಸರಿನಲ್ಲೇ ಇದೆ. ವೈದ್ಯಕೀಯ ಓದಿದರೆ ಡಾಕ್ಟರ್, ಕಾನೂನು ಓದಿದರೆ ವಕೀಲ. ಭೌತಶಾಸ್ತ್ರ ಓದಿದರೆ? ಕೆಲಸದ ಜಾಹೀರಾತುಗಳಲ್ಲಿ "ಭೌತವಿಜ್ಞಾನಿ ಬೇಕು" ಅಂತ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಅದೇ ಭೌತಶಾಸ್ತ್ರದವರು ಚಿಪ್ ಕಾರ್ಖಾನೆಯಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿರುತ್ತಾರೆ, ಆಸ್ಪತ್ರೆಯಲ್ಲಿ ರೇಡಿಯೇಶನ್ ಡೋಸ್ ಲೆಕ್ಕ ಹಾಕುತ್ತಿರುತ್ತಾರೆ, ಲೆನ್ಸ್ ಪರೀಕ್ಷೆ ಮಾಡುತ್ತಿರುತ್ತಾರೆ, ಅಳತೆಯ ಉಪಕರಣಗಳನ್ನು ಕ್ಯಾಲಿಬ್ರೇಟ್ ಮಾಡುತ್ತಿರುತ್ತಾರೆ. ಗಣಿತ ಓದಿದವರು ವಿಮೆ ಕಂಪನಿಯಲ್ಲಿ ಅಪಾಯದ ಲೆಕ್ಕ ಹಾಕುತ್ತಾರೆ. ಸಸ್ಯಶಾಸ್ತ್ರ ಓದಿದವರು ಬೀಜ ಕಂಪನಿಯ ಟಿಶ್ಯೂ ಕಲ್ಚರ್ ಲ್ಯಾಬ್‌ನಲ್ಲಿ ಇರುತ್ತಾರೆ. ಇವರಲ್ಲಿ ಯಾರ ಹುದ್ದೆಯಲ್ಲೂ ಓದಿದ ವಿಷಯದ ಹೆಸರಿಲ್ಲ. ಹೆಸರು ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ ಹೇಳಿ?

ಒಂದು ಮಾತ್ರೆಯನ್ನೇ ತೆಗೆದುಕೊಳ್ಳಿ, ನನಗೆ ಚೆನ್ನಾಗಿ ಗೊತ್ತಿರುವ ಲೋಕ ಅದು. ಹೊರಗಿನವರಿಗೆ ಅದರ ಹಿಂದೆ "ಔಷಧಿ ಕಂಡುಹಿಡಿದ ವಿಜ್ಞಾನಿ" ಒಬ್ಬರೇ ಕಾಣುತ್ತಾರೆ. ಒಳಗೆ ಬಂದು ನೋಡಿದರೆ ಕಥೆಯೇ ಬೇರೆ. ಹೊಸ ಅಣುವನ್ನು ಫ್ಲಾಸ್ಕ್‌ನಲ್ಲಿ ಮಾಡುವವರು ಒಬ್ಬರು. ಅದನ್ನೇ ದೊಡ್ಡ ರಿಯಾಕ್ಟರ್‌ನಲ್ಲಿ ಮಾಡುವುದು ಹೇಗೆ ಅಂತ ನೋಡುವವರು ಇನ್ನೊಬ್ಬರು. ಆ ಪುಡಿಗೆ ಏನೇನು ಸೇರಿಸಿದರೆ ಮಾತ್ರೆ ಗಟ್ಟಿಯಾಗಿ ನಿಂತು, ಹೊಟ್ಟೆಯೊಳಗೆ ಸರಿಯಾದ ಹೊತ್ತಿಗೆ ಕರಗುತ್ತದೆ ಅಂತ ನೋಡುವ ಫಾರ್ಮುಲೇಶನ್‌ನವರು ಬೇರೆ. ಅದರಲ್ಲಿ ಔಷಧಿ ಎಷ್ಟಿದೆ, ಕಲ್ಮಶ ಎಷ್ಟಿದೆ ಅಂತ ಅಳೆಯುವ ವಿಧಾನ ಕಟ್ಟುವವರು ಬೇರೆ, ಆ ವಿಧಾನ ಬಳಸಿ ಪ್ರತಿ ಬ್ಯಾಚ್ ಪರೀಕ್ಷಿಸುವವರು ಬೇರೆ. ಇಡೀ ದಾಖಲೆ ಓದಿ ಬ್ಯಾಚ್ ಹೊರಗೆ ಹೋಗಬಹುದಾ ಅಂತ ತೀರ್ಮಾನಿಸುವ ಕ್ವಾಲಿಟಿ ಅಶ್ಯೂರೆನ್ಸ್‌ನವರು ಇದ್ದಾರೆ. ಸರ್ಕಾರದ ಅನುಮತಿಗೆ ಸಾವಿರಾರು ಪುಟ ಜೋಡಿಸುವ ರೆಗ್ಯುಲೇಟರಿಯವರು, ಪೇಟೆಂಟ್ ನೋಡುವವರು, ಔಷಧಿ ಮಾರುಕಟ್ಟೆಗೆ ಬಂದ ಮೇಲೆ ಅಡ್ಡಪರಿಣಾಮದ ವರದಿಗಳನ್ನು ಒಂದೊಂದಾಗಿ ಓದುವವರು. ಇಷ್ಟೂ ಜನರಿಗೆ ಉಪಕರಣ ಮಾರುವ ಕಂಪನಿಗಳಲ್ಲಿ ಅಪ್ಲಿಕೇಶನ್ ಸೈಂಟಿಸ್ಟ್ ಅಂತ ಒಂದು ಕೆಲಸವಿದೆ. ಗ್ರಾಹಕರ ಸ್ಯಾಂಪಲ್ ತಂದು, ತಮ್ಮ ಯಂತ್ರದಲ್ಲಿ ಓಡಿಸಿ, ಹೀಗೆ ಮಾಡಿದರೆ ಬರುತ್ತದೆ ಅಂತ ತೋರಿಸುವ ಕೆಲಸ. ವಿಜ್ಞಾನವೂ ಇಷ್ಟ, ಜನರ ಜೊತೆ ಮಾತಾಡುವುದೂ ಇಷ್ಟ ಅನ್ನುವವರಿಗೆ ಇದಕ್ಕಿಂತ ಚಂದದ ಕೆಲಸ ನಾನು ಕಂಡಿಲ್ಲ. ಕಾಲೇಜಿನಲ್ಲಿ ಇದರ ಹೆಸರು ಕೇಳಿದವರೇ ಅಪರೂಪ.

ಇದರೊಳಗೆ ಒಂದು ಪುಟ್ಟ ಕೋಣೆ ತೋರಿಸುತ್ತೇನೆ. ಸ್ಟೆಬಿಲಿಟಿ ಅಂತ ಕರೆಯುತ್ತೇವೆ. ಮಾತ್ರೆಯ ಪಟ್ಟಿಯ ಮೇಲೆ ಇಂಥ ತಿಂಗಳವರೆಗೆ ಬಳಸಬಹುದು ಅಂತ ಬರೆದಿರುತ್ತದಲ್ಲ, ಆ ದಿನಾಂಕ ಅಲ್ಲಿ ಹುಟ್ಟುತ್ತದೆ. ಪ್ಯಾಕ್ ಮಾಡಿದ ಮಾತ್ರೆಗಳನ್ನು 25 ಡಿಗ್ರಿ ಸೆಲ್ಸಿಯಸ್, ಶೇ 60 ತೇವಾಂಶದಲ್ಲಿ ದೀರ್ಘಕಾಲ ಇಡುತ್ತಾರೆ. ಬಿಸಿ ಪ್ರದೇಶಗಳಿಗೆ ಹೋಗುವುದಾದರೆ 30 ಡಿಗ್ರಿಯಲ್ಲಿ ಇಡುತ್ತಾರೆ. ಜೊತೆಗೆ ಇನ್ನೊಂದಿಷ್ಟನ್ನು 40 ಡಿಗ್ರಿ, ಶೇ 75 ತೇವಾಂಶದಲ್ಲಿ 6 ತಿಂಗಳು ಇಟ್ಟು, ನಡುನಡುವೆ ತೆಗೆದು ಪರೀಕ್ಷಿಸುತ್ತಾರೆ. ಈ ಅಂಕಿಗಳನ್ನು ಯಾವುದೋ ಒಂದು ಕಂಪನಿ ಮನಸ್ಸಿಗೆ ಬಂದಂತೆ ಇಟ್ಟುಕೊಂಡದ್ದಲ್ಲ. 1990ರಲ್ಲಿ ಶುರುವಾದ, ಔಷಧಿ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಐಸಿಎಚ್ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟದ ಮಾರ್ಗಸೂಚಿಯಲ್ಲಿ ಇವು ಇವೆ, ಆ ಮಾರ್ಗಸೂಚಿ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ನೀವು ರಾಸಾಯನಿಕ ಕ್ರಿಯೆಯ ವೇಗದ ಪಾಠದಲ್ಲಿ ಅರ‍್ಹೇನಿಯಸ್ ಸಮೀಕರಣ ಕಲಿತಿದ್ದೀರಿ ಅಲ್ವಾ? ಉಷ್ಣತೆ ಏರಿದರೆ ಕ್ರಿಯೆ ಎಷ್ಟು ಜೋರಾಗುತ್ತದೆ ಅನ್ನುವ ಅದೇ ಲೆಕ್ಕ, ಇಲ್ಲಿ ಒಬ್ಬರ ದಿನದ ಕೆಲಸ. ಇದನ್ನು ಹೇಳಿದಾಗ ವಿದ್ಯಾರ್ಥಿಗಳ ಮುಖ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪರೀಕ್ಷೆಗೆ ಅಂತ ಉರು ಹೊಡೆದದ್ದಕ್ಕೆ ಹೊರಗೊಂದು ಜಾಗ ಇದೆ ಅಂತ ಅವರಿಗೆ ಮೊದಲ ಸಲ ಅನ್ನಿಸಿರುತ್ತದೆ.

ದೊಡ್ಡ ರಿಯಾಕ್ಟರ್ ಅಂದೆನಲ್ಲ, ಅದೂ ಅಷ್ಟೇ. ಬಿಸಿ ಹೊರಬಿಡುವ ಒಂದು ಕ್ರಿಯೆ ಫ್ಲಾಸ್ಕ್‌ನಲ್ಲಿ ಚೆನ್ನಾಗಿ ನಡೆಯಿತು, ಹಾಗಾದರೆ ಎಲ್ಲ ಅಳತೆಯನ್ನೂ 10 ಪಟ್ಟು ದೊಡ್ಡದು ಮಾಡೋಣ ಅಂದರೆ ಏನಾಗುತ್ತದೆ? ಒಳಗಿನ ಗಾತ್ರ 1000 ಪಟ್ಟು ಏರುತ್ತದೆ, ಬಿಸಿ ಹೊರಹೋಗಬೇಕಾದ ಹೊರಮೈ 100 ಪಟ್ಟು ಮಾತ್ರ ಏರುತ್ತದೆ. ಹುಟ್ಟುವ ಬಿಸಿಯೇ ಜಾಸ್ತಿ, ಹೋಗುವ ದಾರಿ ಕಿರಿದು. ಸರಿಯಾಗಿ ಯೋಚಿಸದಿದ್ದರೆ ಸ್ಫೋಟವೇ ಆಗಬಹುದು. ಶಾಲೆಯ ಗಣಿತವೇ ಇದು. ಆದರೆ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳದೆಯೇ ಎಷ್ಟೋ ಜನ ರಸಾಯನಶಾಸ್ತ್ರದಲ್ಲಿ ದೊಡ್ಡ ಡಿಗ್ರಿ ಮುಗಿಸುತ್ತಾರೆ. ಕಂಪನಿಯವರು ಒಂದು ಗಂಟೆ ತರಗತಿಗೆ ಬಂದು ಇದೊಂದನ್ನೇ ಬೋರ್ಡ್ ಮೇಲೆ ಬಿಡಿಸಿ ತೋರಿಸಿದರೂ, ಪ್ರೊಸೆಸ್ ಡೆವಲಪ್‌ಮೆಂಟ್ ಅಂದರೆ ಏನು ಅಂತ ಆ ಮಕ್ಕಳು ಮರೆಯುವುದಿಲ್ಲ.

ಇಲ್ಲೊಂದು ಭಯ ಇದೆ, ಅದನ್ನೂ ಮಾತಾಡಬೇಕು. "ಇಂಡಸ್ಟ್ರಿಗೆ ಹೋದರೆ ನಿಜವಾದ ವಿಜ್ಞಾನ ಮುಗಿಯಿತು" ಅಂತ ಕೆಲವು ಮೇಷ್ಟ್ರುಗಳೇ ಹೇಳುತ್ತಾರೆ. ನನಗೆ ಇದನ್ನು ಒಪ್ಪಲು ಆಗುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಲ್ಲರೂ ಕಲಿಯುವ, ಎರಡು ಗುಂಪುಗಳ ಸರಾಸರಿ ನಿಜಕ್ಕೂ ಬೇರೆಯಾ ಅಂತ ನೋಡುವ ಟಿ-ಟೆಸ್ಟ್ ಎಲ್ಲಿಂದ ಬಂತು? ಆಕ್ಸ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರ, ಗಣಿತ ಓದಿದ ವಿಲಿಯಂ ಗಾಸೆಟ್ 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಗೆ ಸೇರಿದರು. ಅಲ್ಲಿ ಬಾರ್ಲಿ, ಹಾಪ್ಸ್ ಇವುಗಳ ಮೇಲೆ ಪ್ರಯೋಗ ಮಾಡುವಾಗ ಸಿಗುತ್ತಿದ್ದ ಸ್ಯಾಂಪಲ್‌ಗಳು ಬೆರಳೆಣಿಕೆಯಷ್ಟು. ಅಷ್ಟು ಕಡಿಮೆ ಅಂಕಿಗಳನ್ನು ಇಟ್ಟುಕೊಂಡು ಏನು ಹೇಳಬಹುದು, ಏನು ಹೇಳಬಾರದು ಅನ್ನುವುದು ಅವರಿಗೆ ಎದುರಾದ ನಿಜವಾದ ಕಷ್ಟ. ಅದಕ್ಕೆ ಉತ್ತರ ಹುಡುಕಿ 1908ರಲ್ಲಿ ಪ್ರಕಟಿಸಿದರು. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ, ಅದಕ್ಕೇ ಲೇಖಕರ ಹೆಸರಿನ ಜಾಗದಲ್ಲಿ "ಸ್ಟೂಡೆಂಟ್" ಅಂತ ಇತ್ತು. ಕಾರ್ಖಾನೆಯ ಒಂದು ದಿನನಿತ್ಯದ ತಲೆನೋವು ಇಡೀ ಜಗತ್ತಿನ ಸಂಶೋಧಕರ ಕೈಗೆ ಉಪಕರಣ ಕೊಟ್ಟಿತು.

ಇನ್ನೊಂದು ಭಯ ಮೊದಲ ಕೆಲಸದ್ದು. ಮೊದಲು ಸೇರಿದ ಕಡೆಯೇ ಕೊನೆವರೆಗೆ ಸಿಕ್ಕಿಹಾಕಿಕೊಳ್ಳುತ್ತೇನಾ ಅಂತ. ಗರ್ಟ್ರೂಡ್ ಎಲಿಯನ್ ಅವರ ದಾರಿ ನೋಡಿ. 1937ರಲ್ಲಿ ನ್ಯೂಯಾರ್ಕ್‌ನ ಹಂಟರ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪದವಿ ಪಡೆದರು. ಮುಂದೆ ಓದಲು ಆರ್ಥಿಕ ನೆರವು ಸಿಗಲಿಲ್ಲ, ಲ್ಯಾಬ್‌ಗಳು ಹೆಣ್ಣುಮಗಳನ್ನು ತೆಗೆದುಕೊಳ್ಳಲು ಮುಂದೆ ಬರಲಿಲ್ಲ. ಒಂದು ಲ್ಯಾಬ್‌ನಲ್ಲಿ ಶುರುವಿನಲ್ಲಿ ಸಂಬಳವಿಲ್ಲದೆಯೇ ದುಡಿದರು. ಆಮೇಲೆ ಆಹಾರ ಕಂಪನಿಯೊಂದರಲ್ಲಿ ಉಪ್ಪಿನಕಾಯಿಯ ಆಮ್ಲ ಎಷ್ಟಿದೆ, ಮೇಯೊನೇಸ್‌ನ ಬಣ್ಣ ಸರಿ ಇದೆಯಾ ಅಂತ ಪರೀಕ್ಷಿಸುವ ಕೆಲಸ. 1944ರಲ್ಲಿ ಬರೋಸ್ ವೆಲ್‌ಕಮ್ ಔಷಧಿ ಕಂಪನಿಗೆ ಸೇರಿ ಜಾರ್ಜ್ ಹಿಚಿಂಗ್ಸ್ ಅವರ ಜೊತೆ ಕೆಲಸ ಮಾಡಿದರು. ರಕ್ತದ ಕ್ಯಾನ್ಸರ್‌ಗೆ ಕೊಡುವ 6-ಮರ್ಕ್ಯಾಪ್ಟೋಪ್ಯೂರಿನ್, ಅಂಗಾಂಗ ಕಸಿಗೆ ನೆರವಾದ ಅಜಥಯೊಪ್ರಿನ್ ಅಲ್ಲಿ ಹುಟ್ಟಿದವು. 1988ರಲ್ಲಿ ನೊಬೆಲ್ ಬಂತು. ಪಿಎಚ್‌ಡಿ ಅವರು ಮುಗಿಸಿರಲೇ ಇಲ್ಲ. ಜಪಾನಿನ ಕೊಯಿಚಿ ತನಾಕಾ ಅವರದೂ ಹಾಗೆಯೇ. ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಬರೀ ಪದವಿ, ಕೆಲಸ ಉಪಕರಣ ತಯಾರಿಸುವ ಶಿಮಾಡ್ಜು ಕಂಪನಿಯಲ್ಲಿ, 2002ರಲ್ಲಿ ನೊಬೆಲ್ ಬಂದದ್ದು ರಸಾಯನಶಾಸ್ತ್ರಕ್ಕೆ. ಎಲ್ಲರಿಗೂ ನೊಬೆಲ್ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಗುಣಮಟ್ಟ ಪರೀಕ್ಷೆಯ ಒಂದು ಸಣ್ಣ ಕೆಲಸವನ್ನು ಕೀಳಾಗಿ ನೋಡಬೇಡಿ, ಅಲ್ಲಿ ಕಲಿಯುವುದು ಇರುವವರೆಗೆ ಕಲಿಯಿರಿ, ಮುಗಿದಾಗ ಮುಂದಕ್ಕೆ ಹೊರಡಿ ಅಂತ ಹೇಳುತ್ತಿದ್ದೇನೆ.

ಸರಿ, ಜನರನ್ನು ಹುಡುಕುವುದು ಹೇಗೆ? "ನಮಗೆ ಯಾರೂ ಪರಿಚಯ ಇಲ್ಲ, ಕಾಂಟ್ಯಾಕ್ಟ್ ಇರುವವರಿಗೆ ಮಾತ್ರ ಇದೆಲ್ಲ" ಅಂತ ಕೇಳಿ ಕೇಳಿ ಸಾಕಾಗಿದೆ. ಈ ವಿಷಯದಲ್ಲಿ ಒಂದು ಹಳೆಯ ಅಧ್ಯಯನ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ್ದು. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು, ಆ ಪರಿಚಯದವರನ್ನು ನೀವು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಕೇಳಿದರು. ಪದೇ ಪದೇ ಭೇಟಿಯಾಗುತ್ತಿದ್ದೆವು ಅಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ 55.6, ತೀರಾ ಅಪರೂಪ ಅಂದವರು ಶೇ 27.8. ಕಾರಣ ಸುಲಭ. ನಮ್ಮ ಹತ್ತಿರದ ಗೆಳೆಯರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಸ್ವಲ್ಪ ದೂರದವರಿಂದ. 2022ರಲ್ಲಿ, ಉದ್ಯೋಗದ ಪರಿಚಯಗಳಿಗೆ ಅಂತ ಇರುವ ಜಾಲತಾಣ ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅಲ್ಲೂ ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ತೀರಾ ಹತ್ತಿರದವರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ ನಡುವಿನವರು. ಅಂದರೆ ದೊಡ್ಡ ಮನೆತನದ ಪರಿಚಯ ಬೇಕಿಲ್ಲ. ನಿಮ್ಮ ವಿಭಾಗದಲ್ಲಿ ನಾಲ್ಕು ವರ್ಷ ಮುಂಚೆ ಓದಿ ಹೋದ, ನಿಮ್ಮ ಹೆಸರೂ ಗೊತ್ತಿಲ್ಲದ ಒಬ್ಬರು ಸಾಕು.

ಅಂಥವರಿಗೇ ಬರೆಯಿರಿ. ಕಂಪನಿಯ ಮುಖ್ಯಸ್ಥರಿಗೆ ಬರೆಯಬೇಡಿ, ಅವರಿಗೆ ಮೊದಲ ಕೆಲಸ ಹುಡುಕಿದ ನೆನಪು ಮಾಸಿಹೋಗಿರುತ್ತದೆ, ಸಮಯವೂ ಇರುವುದಿಲ್ಲ. ಎರಡರಿಂದ ಐದು ವರ್ಷ ಮುಂದಿರುವವರಿಗೆ ನಿಮ್ಮ ಗೊಂದಲ ಇನ್ನೂ ಹಸಿಯಾಗಿ ನೆನಪಿರುತ್ತದೆ. ಬರೆಯುವಾಗ "ನನಗೊಂದು ಕೆಲಸ ಕೊಡಿಸಿ" ಅಂತ ಶುರು ಮಾಡಿದರೆ ಅವರು ಉತ್ತರಿಸುವುದೇ ಕಷ್ಟ, ಯಾಕೆಂದರೆ ಕೊಡಿಸುವ ಅಧಿಕಾರ ಅವರಿಗೆ ಇರುವುದಿಲ್ಲ. ಹೀಗೆ ಬರೆಯಬಹುದು:

"ನಮಸ್ಕಾರ ಅಕ್ಕ, ನಾನು ಮೈಕ್ರೋಬಯಾಲಜಿ ಕೊನೆಯ ವರ್ಷದಲ್ಲಿದ್ದೇನೆ. ನೀವೂ ಇದೇ ವಿಭಾಗದಲ್ಲಿ ಓದಿ ಈಗ ಇಂಜೆಕ್ಷನ್ ಔಷಧಿಗಳ ಸ್ಟೆರಿಲಿಟಿ ಟೆಸ್ಟಿಂಗ್ ಮಾಡುತ್ತಿದ್ದೀರಿ ಅಂತ ನಮ್ಮ ಲ್ಯಾಬ್‌ನವರು ಹೇಳಿದರು. ಸ್ಯಾಂಪಲ್‌ಗಳನ್ನು 14 ದಿನ ಇನ್‌ಕ್ಯುಬೇಟರ್‌ನಲ್ಲಿ ಇಡುತ್ತಾರೆ ಅಂತ ಓದಿದೆ. ಆ ನಡುವೆ ನಿಮ್ಮ ದಿನ ಹೇಗಿರುತ್ತದೆ, ನಾನು ಈಗಲೇ ಏನು ಕಲಿತರೆ ಒಳ್ಳೆಯದು ಅಂತ ಕೇಳಬೇಕಿತ್ತು. ನಿಮಗೆ ಅನುಕೂಲವಾದಾಗ 20 ನಿಮಿಷ ಫೋನ್‌ನಲ್ಲಿ ಮಾತಾಡಬಹುದಾ?"

ಇಷ್ಟೇ. ನೀವು ಯಾರು, ಅವರನ್ನೇ ಯಾಕೆ ಕೇಳುತ್ತಿದ್ದೀರಿ, ಏನು ಬೇಕು, ಎಷ್ಟು ಹೊತ್ತು ಬೇಕು. ಜೊತೆಗೆ ಸ್ವಲ್ಪ ಓದಿಕೊಂಡು ಬಂದಿದ್ದೀರಿ ಅನ್ನುವುದು ಕಾಣಬೇಕು. ನನಗೆ ಇಂಥ ಪತ್ರ ಬಂದರೆ ಆ ದಿನವೇ ಉತ್ತರಿಸಬೇಕು ಅನ್ನಿಸುತ್ತದೆ. ಎಲ್ಲರೂ ಉತ್ತರಿಸುವುದಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಒಂದೆರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಇನ್ನೊಬ್ಬರಿಗೆ ಬರೆಯಿರಿ. ಮಾತಿಗೆ ಸಿಕ್ಕಾಗ ಸಂಬಳ ಎಷ್ಟು ಅಂತ ಮೊದಲೇ ಕೇಳುವುದಕ್ಕಿಂತ, ನಿನ್ನೆ ಏನು ಕೆಲಸ ಮಾಡಿದಿರಿ ಅಂತ ಕೇಳಿ. ಈ ಪ್ರಶ್ನೆಗೆ ಬರುವಷ್ಟು ನಿಜವಾದ ಉತ್ತರ ಬೇರೆ ಯಾವುದಕ್ಕೂ ಬರುವುದಿಲ್ಲ. ಹೊಸದಾಗಿ ಸೇರಿದವರು ಎಲ್ಲಿ ಎಡವುತ್ತಾರೆ, ಪಿಎಚ್‌ಡಿ ಇಲ್ಲದೆ ಎಲ್ಲಿವರೆಗೆ ಹೋಗಬಹುದು, ಶಿಫ್ಟ್ ಕೆಲಸ ಇದೆಯಾ, ಇವನ್ನೆಲ್ಲ ನೇರವಾಗಿ ಕೇಳಬಹುದು.

ಪರಿಚಯ ಒಂದೇ ಕಡೆ ಹರಿಯುವುದಿಲ್ಲ ಅನ್ನುವುದಕ್ಕೆ ಪಿಎಚ್ ಮೀಟರ್‌ನ ಕಥೆ ನನಗೆ ತುಂಬಾ ಇಷ್ಟ. ಆರ್ನಾಲ್ಡ್ ಬೆಕ್‌ಮನ್ ಕ್ಯಾಲ್‌ಟೆಕ್‌ನಲ್ಲಿ ಪಾಠ ಮಾಡುತ್ತಿದ್ದರು. ಅವರ ಜೊತೆ ಓದಿದ್ದ ಹಳೆಯ ಸಹಪಾಠಿಯೊಬ್ಬರು ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಒಕ್ಕೂಟದ ಲ್ಯಾಬ್‌ನಲ್ಲಿದ್ದರು. ನಿಂಬೆರಸದ ಆಮ್ಲೀಯತೆ ಅಳೆಯುವುದು ಅವರಿಗೆ ದೊಡ್ಡ ಕಷ್ಟವಾಗಿತ್ತು. ರಸ ಕೆಡದಂತೆ ಹಾಕುತ್ತಿದ್ದ ಸಲ್ಫರ್ ಡೈಆಕ್ಸೈಡ್‌ನಿಂದ ಬೇರೆ ವಿಧಾನಗಳು ಕೈಕೊಡುತ್ತಿದ್ದವು. ಕ್ಲಾಸ್‌ಮೇಟ್ ಬಂದು ಕಷ್ಟ ಹೇಳಿಕೊಂಡರು, ಬೆಕ್‌ಮನ್ 1934ರಲ್ಲಿ ವ್ಯಾಕ್ಯೂಮ್ ಟ್ಯೂಬ್ ಬಳಸಿ ಒಂದು ಮೀಟರ್ ಕಟ್ಟಿಕೊಟ್ಟರು. ಅಲ್ಲಿಂದ ಒಂದು ಕಂಪನಿಯೇ ಬೆಳೆಯಿತು. ಇವತ್ತು ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತು ಟೈಟ್ರೇಶನ್ ಮಾಡುತ್ತಿರುವವರು ಮುಂದೆ ಎಲ್ಲಿರುತ್ತಾರೋ ಯಾರಿಗೆ ಗೊತ್ತು. ಅವರ ನಂಬರ್ ಇಟ್ಟುಕೊಳ್ಳಿ.

ಯಾರೂ ಸಿಗದ ದಿನಗಳಲ್ಲಿ ಮಾಡಬಹುದಾದ ಕೆಲಸವೂ ಇದೆ. ಪೇಟೆಂಟ್ ಓದಿ. ಕಂಪನಿಗಳು ಏನು ಮಾಡುತ್ತಿವೆ ಅಂತ ಹೊರಗೆ ಹೇಳುವುದಿಲ್ಲ, ನಿಜ. ಆದರೆ ಪೇಟೆಂಟ್ ಬೇಕು ಅಂದರೆ ಹೇಳಲೇಬೇಕು, ಅದು ಕಾನೂನು. ಗೂಗಲ್ ಪೇಟೆಂಟ್ಸ್, ಎಸ್ಪಾಸೆನೆಟ್, ಪೇಟೆಂಟ್‌ಸ್ಕೋಪ್ ಮೂರೂ ಉಚಿತ. ನಿಮ್ಮ ಪ್ರಾಜೆಕ್ಟ್‌ನ ವಿಷಯ ಹಾಕಿ ಹುಡುಕಿ, ಮಾಲೀಕರ ಜಾಗದಲ್ಲಿ ಯಾವ ಕಂಪನಿಗಳ ಹೆಸರು ಮತ್ತೆ ಮತ್ತೆ ಬರುತ್ತದೆ ನೋಡಿ. ನೀವು ಕೇಳಿರದ ಕಂಪನಿಗಳು ಒಂದು ಸಂಜೆಯಲ್ಲಿ ಸಿಗುತ್ತವೆ, ಅವರಿಗೆ ನಿಮ್ಮ ವಿಷಯ ಬೇಕು ಅನ್ನುವುದಕ್ಕೆ ಸಾಕ್ಷಿಯೂ ಅಲ್ಲೇ ಇರುತ್ತದೆ. ಹಾಗೆಯೇ ಉಪಕರಣ ಕಂಪನಿಗಳ ಅಪ್ಲಿಕೇಶನ್ ನೋಟ್‌ಗಳು. ಎಚ್‌ಪಿಎಲ್‌ಸಿ (ದ್ರಾವಣದಲ್ಲಿ ಬೆರೆತಿರುವುದನ್ನು ಬೇರ್ಪಡಿಸಿ ಅಳೆಯುವ ಯಂತ್ರ), ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಇವುಗಳಿಂದ ನೀರು, ಆಹಾರ, ಔಷಧಿ, ಪ್ಲಾಸ್ಟಿಕ್ ಇವನ್ನು ಹೇಗೆ ಪರೀಕ್ಷಿಸುವುದು ಅಂತ ನಾಲ್ಕೈದು ಪುಟದಲ್ಲಿ ಬರೆದು ತಮ್ಮ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಇಂಡಸ್ಟ್ರಿಯ ನಿಜವಾದ ಪ್ರಶ್ನೆಗಳು ಏನು ಅಂತ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಇವು ಹೇಳುತ್ತವೆ. ಕೆಲಸದ ಜಾಹೀರಾತುಗಳನ್ನೂ ಅರ್ಜಿ ಹಾಕುವ ಹೊತ್ತಿಗೆ ಮಾತ್ರ ಓದಬೇಡಿ. ಎರಡು ವರ್ಷ ಮುಂಚೆಯೇ ಓದಲು ಶುರು ಮಾಡಿ. ಯಾವ ಉಪಕರಣ, ಯಾವ ಸಾಫ್ಟ್‌ವೇರ್, ಯಾವ ಮಾನದಂಡದ ಹೆಸರು ಪದೇ ಪದೇ ಬರುತ್ತದೆ ಅಂತ ಗುರುತು ಹಾಕಿಕೊಳ್ಳಿ. ಟೆಸ್ಟಿಂಗ್ ಲ್ಯಾಬ್‌ಗಳ ಜಾಹೀರಾತಿನಲ್ಲಿ ಐಎಸ್‌ಒ 17025 (ಪರೀಕ್ಷಾ ಲ್ಯಾಬ್‌ಗಳ ಮಾನದಂಡ) ಕಾಣುತ್ತದೆ, ಔಷಧಿಯವರದ್ದರಲ್ಲಿ ಜಿಎಂಪಿ (ಒಳ್ಳೆಯ ತಯಾರಿಕಾ ಪದ್ಧತಿಯ ನಿಯಮಗಳು). ಅವು ಏನು ಅಂತ ಒಂದು ಸಂಜೆ ಕೂತು ಓದಿದವರು ಸಂದರ್ಶನದಲ್ಲಿ ಎದ್ದು ಕಾಣುತ್ತಾರೆ.

ಲ್ಯಾಬ್ ಪುಸ್ತಕ ಬರೆಯುವ ರೀತಿಯನ್ನು ಇವತ್ತೇ ಬದಲಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮಲ್ಲಿ ಪೆನ್ಸಿಲ್ ಇಲ್ಲ, ವೈಟ್ನರ್ ಇಲ್ಲ. ತಪ್ಪು ಬರೆದರೆ ಅಡ್ಡ ಒಂದೇ ಗೆರೆ, ಹಳೆಯ ಅಂಕಿ ಓದುವಂತಿರಬೇಕು, ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ದಿನಾಂಕ. ಪ್ರಯೋಗ ನಡೆಯುವಾಗಲೇ ಬರೆಯಬೇಕು, ಚೀಟಿಯಲ್ಲಿ ಗೀಚಿಕೊಂಡು ಸಂಜೆ ಚೆನ್ನಾಗಿ ಕಾಪಿ ಮಾಡುವ ಹಾಗಿಲ್ಲ. ಉತ್ತರ ಸರಿ ಬರಲಿಲ್ಲ ಅಂತ ಅಂಕಿ ತಿದ್ದಿದರೆ ಕೆಲಸವೇ ಹೋಗುತ್ತದೆ, ಹೋಗಲೇಬೇಕು, ಯಾಕೆಂದರೆ ಆ ಔಷಧಿಯನ್ನು ಯಾರೋ ನಂಬಿ ನುಂಗುತ್ತಾರೆ. ಕಾಲೇಜಿನಲ್ಲಿ ಮಾತ್ರ ನಿಜವಾದ ರೀಡಿಂಗ್‌ಗಿಂತ "ಸರಿಯಾದ" ರೀಡಿಂಗ್‌ಗೆ ಮಾರ್ಕ್ಸ್ ಕೊಡುವ ರೂಢಿ ಎಷ್ಟೋ ಕಡೆ ಇದೆ. ಮೇಷ್ಟ್ರುಗಳೇ, ದಯವಿಟ್ಟು ಇದನ್ನು ನಿಲ್ಲಿಸಿ. ತಪ್ಪಿದ ಟೈಟ್ರೇಶನ್ ಯಾಕೆ ತಪ್ಪಿತು ಅಂತ ಪ್ರಾಮಾಣಿಕವಾಗಿ ಬರೆದ ವಿದ್ಯಾರ್ಥಿಗೆ ಪೂರ್ತಿ ಮಾರ್ಕ್ಸ್ ಕೊಡಿ. ನಮಗೆ ಬೇಕಾದವರು ಅವರೇ.

ಬಯೋಡೇಟಾದಲ್ಲೂ ಇದೇ ಮಾತು. "ಎಚ್‌ಪಿಎಲ್‌ಸಿ ಗೊತ್ತು" ಅಂತ ಬರೆದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ದೂರದಿಂದ ನೋಡಿದ್ದೀರೋ, ನೀವೇ ಓಡಿಸಿದ್ದೀರೋ, ಯಾವ ಸ್ಯಾಂಪಲ್, ಯಾವ ಕಾಲಮ್, ಪೀಕ್‌ಗಳು ಬೇರೆಯಾಗದಿದ್ದಾಗ ಏನು ಮಾಡಿದಿರಿ, ಇದನ್ನು ಎರಡು ಸಾಲಿನಲ್ಲಿ ಬರೆಯಿರಿ. ನೋಡಿದ್ದು ಮಾತ್ರ ಅಂದರೆ ಹಾಗೆಯೇ ಬರೆಯಿರಿ, ಅದರಲ್ಲಿ ತಪ್ಪೇನಿಲ್ಲ.

ಇನ್ನು ಓದಿಸುವವರ ಕಡೆಗೆ. ಕಂಪನಿಯವರನ್ನು ಕರೆಸುವುದು ಅಂದರೆ ದೊಡ್ಡ ಹುದ್ದೆಯವರನ್ನು ಕರೆಸಿ, ಕಂಪನಿಯ ಇತಿಹಾಸದ ಸ್ಲೈಡ್ ತೋರಿಸಿ, ಹಾರ ಹಾಕಿ ಕಳಿಸುವುದು ಅಂತ ಆಗಿಬಿಟ್ಟಿದೆ. ಅದರ ಬದಲು ಮೂರು ವರ್ಷದ ಹಿಂದೆ ನಿಮ್ಮಲ್ಲೇ ಓದಿದ ಇಬ್ಬರನ್ನು ಕರೆಯಿರಿ, ವೇದಿಕೆ ಬೇಡ, ಹದಿನೈದು ಮಕ್ಕಳನ್ನು ಸುತ್ತ ಕೂರಿಸಿ, ಮೇಷ್ಟ್ರು ಹೊರಗೆ ಹೋಗಿ. ಟೆಕ್ನಿಶಿಯನ್‌ಗಳನ್ನೂ ಕರೆಯಿರಿ. ಅಮೆರಿಕದ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅವರ ವಿಷಯ ನೋಡಿ. ಡಾಕ್ಟರ್ ಓದಲು ದುಡ್ಡು ಕೂಡಿಸಬೇಕು ಅಂತ 1946ರಲ್ಲಿ ಡುಪಾಂಟ್ ಅನ್ನುವ ರಾಸಾಯನಿಕ ಕಂಪನಿ ಸೇರಿ, ಅಲ್ಲೇ ಉಳಿದರು. 1965ರಲ್ಲಿ ಅವರ ಕೈಗೆ ಬಂದ ಪಾಲಿಮರ್ ದ್ರಾವಣ ತೆಳ್ಳಗೆ, ಮಬ್ಬಾಗಿ ಇತ್ತು. ನೂಲುವ ಯಂತ್ರದ ತೂತುಗಳು ಕಟ್ಟಿಕೊಳ್ಳುತ್ತವೆ ಅಂತ ಅದನ್ನು ನೋಡಿಕೊಳ್ಳುತ್ತಿದ್ದವರು ಮೊದಲು ಒಪ್ಪಲಿಲ್ಲ. ಕೊನೆಗೆ ಒಪ್ಪಿ ನೂತರು, ಗುಂಡು ತಡೆಯುವ ಅಂಗಿಗಳಿಗೆ ಬಳಸುವ ಗಟ್ಟಿ ನೂಲು ಕೆವ್ಲಾರ್ ಬಂತು. ವಿಜ್ಞಾನಿಯ ಹಟ, ಯಂತ್ರ ಬಲ್ಲವರ ಒಪ್ಪಿಗೆ, ಎರಡೂ ಇಲ್ಲದೆ ಆ ನೂಲು ಇಲ್ಲ. ಯಂತ್ರ ಬಲ್ಲವರ ಮಾತನ್ನು ಕೇಳುವುದು ಹೇಗೆ ಅಂತ ವಿದ್ಯಾರ್ಥಿಗಳು ಕಾಲೇಜಿನಲ್ಲೇ ಕಲಿಯಲಿ.

ಒಂದು ದಿನದ ಕಾರ್ಖಾನೆ ಪ್ರವಾಸದಿಂದ ಜಾಸ್ತಿ ಏನೂ ಆಗುವುದಿಲ್ಲ ಅಂತ ನನ್ನ ಅನಿಸಿಕೆ. ತಿಂಗಳುಗಟ್ಟಲೆ ಇದ್ದರೆ ಮಾತ್ರ ಕೆಲಸದ ನಿಜವಾದ ಮುಖ ಕಾಣುತ್ತದೆ. ಇದು ಹೊಸ ಯೋಚನೆಯೂ ಅಲ್ಲ. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ 1906ರಲ್ಲೇ ಓದು ಮತ್ತು ಕೆಲಸವನ್ನು ಸರದಿಯಲ್ಲಿ ನಡೆಸುವ ಕೋ-ಆಪ್ ಪದ್ಧತಿ ಶುರು ಮಾಡಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯ ಮೇಲೆ. ಫ್ರಾನ್ಸಿನಲ್ಲಿ 1981ರಿಂದ ಸಿಫ್ರ್ ಅನ್ನುವ ಯೋಜನೆ ಇದೆ. ಪಿಎಚ್‌ಡಿ ವಿದ್ಯಾರ್ಥಿ ಮೂರು ವರ್ಷ ಕಂಪನಿಯ ಸಂಬಳದ ನೌಕರನಾಗಿರುತ್ತಾನೆ, ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲೂ ಇರುತ್ತಾನೆ, ಕಂಪನಿಗೆ ಸರ್ಕಾರದಿಂದ ಸಹಾಯಧನ ಸಿಗುತ್ತದೆ. ಇಷ್ಟು ದೊಡ್ಡದು ಎಲ್ಲ ಕಾಲೇಜಿಗೂ ಆಗದು. ಆದರೆ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಹತ್ತಿರದ ಟೆಸ್ಟಿಂಗ್ ಲ್ಯಾಬ್‌ನಿಂದ ಒಂದು ಸಣ್ಣ ಪ್ರಶ್ನೆ ಕೇಳಿ ತರಬಹುದು. ಗುಟ್ಟಿನ ವಿಷಯ ಬೇಡ ಅಂತ ಮೊದಲೇ ಹೇಳಿಬಿಟ್ಟರೆ ಅವರೂ ಕೊಡುತ್ತಾರೆ. ಹಳೆಯ ವಿಧಾನದಲ್ಲಿ ಕಡಿಮೆ ದ್ರಾವಕ ಬಳಸಿ ಅದೇ ಫಲಿತಾಂಶ ಬರುತ್ತದಾ, ಸ್ಯಾಂಪಲ್ ಫ್ರಿಜ್‌ನಲ್ಲಿ ಎಷ್ಟು ದಿನ ಕೆಡದೆ ಇರುತ್ತದೆ, ಇಂಥ ಪ್ರಶ್ನೆಗಳು ಪ್ರತಿ ಲ್ಯಾಬ್‌ನಲ್ಲೂ ಬಿದ್ದಿರುತ್ತವೆ, ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಕಂಪನಿಯಲ್ಲಿರುವ ನನ್ನಂಥವರಿಗೆ ಎರಡು ಮಾತು. ಇಂಟರ್ನ್‌ಗಳಿಗೆ ಸಂಬಳ ಕೊಡಿಸಿ. ಬಿಟ್ಟಿ ದುಡಿಸಿಕೊಂಡರೆ ಮನೆಯಲ್ಲಿ ಅನುಕೂಲ ಇರುವ ಮಕ್ಕಳು ಮಾತ್ರ ಬರುತ್ತಾರೆ, ಉಳಿದವರು ಬರುವ ದಾರಿಯೇ ಮುಚ್ಚಿಹೋಗುತ್ತದೆ. ಬಂದವರನ್ನು ಸುಮ್ನೆ ಫೈಲ್ ಜೋಡಿಸಲು ಕೂರಿಸಬೇಡಿ, ಅವರದೇ ಅಂತ ಒಂದು ಪ್ರಶ್ನೆ ಕೊಡಿ. ಇನ್ನು, ಅರ್ಜಿ ತಿರಸ್ಕರಿಸಿದಾಗ ಒಂದು ಸಾಲಿನ ಕಾರಣ ಬರೆಯಿರಿ. "ನಿಮ್ಮ ಕೆಮಿಸ್ಟ್ರಿ ಚೆನ್ನಾಗಿದೆ, ಅಂಕಿ ಅಂಶ ವಿಶ್ಲೇಷಣೆ ಕಡಿಮೆ ಇದೆ" ಅಂತ ಒಬ್ಬರು ಹೇಳಿದರೆ ಆ ಹುಡುಗಿಗೆ ಮುಂದಿನ ಆರು ತಿಂಗಳು ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಏನೂ ಹೇಳದೆ ಬಿಟ್ಟರೆ ತಾನು ಓದಿದ್ದೇ ದಂಡ ಅಂದುಕೊಂಡು ಕೂರುತ್ತಾಳೆ.

ವಿದ್ಯಾರ್ಥಿಗಳಿಗೆ ಇನ್ನೊಂದೇ ವಿಷಯ ಬಾಕಿ ಇದೆ. ಯಾರ ಜೊತೆಗಾದರೂ ಮಾತಾಡಿ ಫೋನ್ ಇಡುವ ಮುಂಚೆ, "ನಾನು ಇನ್ನು ಯಾರ ಜೊತೆ ಮಾತಾಡಿದರೆ ಒಳ್ಳೆಯದು?" ಅಂತ ಕೇಳಿ. ಒಂದೆರಡು ಹೆಸರು ಸಿಗುತ್ತದೆ, ಅವರಿಗೆ ಬರೆಯುವಾಗ ಇವರ ಹೆಸರು ಹೇಳಬಹುದಾ ಅಂತ ಒಪ್ಪಿಗೆ ತೆಗೆದುಕೊಳ್ಳಿ. ಅವತ್ತೇ ಎರಡು ಸಾಲಿನ ಥ್ಯಾಂಕ್ಸ್ ಕಳಿಸಿ. ಅವರು ಹೇಳಿದ್ದನ್ನು ಮಾಡಿದ ಮೇಲೆ, ಎರಡು ತಿಂಗಳಾಗಲಿ ನಾಲ್ಕು ತಿಂಗಳಾಗಲಿ, ಏನಾಯಿತು ಅಂತ ಮತ್ತೆ ಬರೆಯಿರಿ. ಹೀಗೆ ತಿರುಗಿ ಬರೆಯುವವರು ಬಹಳ ಕಡಿಮೆ. ನಮ್ಮ ಲ್ಯಾಬ್‌ನಲ್ಲಿ ಜಾಗ ಖಾಲಿಯಾದಾಗ ನನಗೆ ಮೊದಲು ನೆನಪಾಗುವ ಹೆಸರುಗಳೂ ಅವರವೇ.